ಮೊದಲು ಎಡವಿದ್ದು ಯಾರು?

ಲಾಗ್‌ನಲ್ಲಿ ಜೋರಾಗಿ ಕೂಗಿದ ಸಾಲು ಕಣ್ಣಿಗೆ ಮೊದಲು ಬೀಳುತ್ತದೆ. ತಪ್ಪು ಅದಕ್ಕೂ ಎಷ್ಟೋ ಮೇಲೆ, ಯಾರೂ ಗಮನಿಸದ ಸಾಲಿನಲ್ಲಿ ತಣ್ಣಗೆ ಕೂತಿರುತ್ತದೆ.

*

ವೆಬ್ ಒಂದು ಕಂಟೇನರ್‌ನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ, ಕ್ಯಾಶ್ ಮತ್ತೊಂದರಲ್ಲಿ. ‘ಡಾಕರ್ ಕಂಪೋಸ್ ಲಾಗ್ಸ್’ ಎಂದು ಟೈಪ್ ಮಾಡಿದರೆ ಎಲ್ಲರ ಮಾತೂ ಒಂದೇ ಪರದೆಗೆ ಬರುತ್ತದೆ. ಪ್ರತಿ ಸಾಲಿನ ತಲೆಯಲ್ಲಿ ಹೇಳಿದವರ ಹೆಸರು, ಹೆಸರಿಗೊಂದು ಬಣ್ಣ. ಹೆಸರು ಬಿಟ್ಟು ಮಾತು ಮಾತ್ರ ಓದುವವನು ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಾನೆ.

*

‘ಸಂಪರ್ಕ ಸಿಗುತ್ತಿಲ್ಲ’ ಎಂದು ವೆಬ್ ದೂರುತ್ತದೆ. ಎರಡು ಸೆಕೆಂಡ್ ಬಿಟ್ಟು ಡೇಟಾಬೇಸ್ ಪೋಸ್ಟ್‌ಗ್ರೆಸ್ ‘ನಾನು ತಯಾರು’ ಎನ್ನುತ್ತದೆ. ಬೇರೆಬೇರೆಯಾಗಿ ಓದಿದರೆ ಒಬ್ಬರು ತಪ್ಪಿತಸ್ಥರು. ಅಕ್ಕಪಕ್ಕ ಇಟ್ಟು ಓದಿದರೆ ಇಬ್ಬರೂ ನಿರಪರಾಧಿಗಳು. ‘ಡಿಪೆಂಡ್ಸ್ ಆನ್’ ಎಂದು ಸುಮ್ಮನೆ ಬರೆದರೆ ಕಂಪೋಸ್ ಕಾಯುವುದು ಡೇಟಾಬೇಸ್ ಶುರುವಾಗುವವರೆಗೆ ಮಾತ್ರ. ಅದು ಸಿದ್ಧವಾಗುವವರೆಗೂ ಕಾಯಬೇಕೆಂದರೆ ‘ಹೆಲ್ತ್‌ಚೆಕ್’ ಇಟ್ಟು, ಹಾಗೆಂದು ಬಿಡಿಸಿ ಬರೆಯಬೇಕು. ಎದ್ದವರೆಲ್ಲ ಕೆಲಸಕ್ಕೆ ತಯಾರಾಗಿರುವುದಿಲ್ಲ.

*

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಂಬಾಕು ಬೆಳೆಗಾರರಿಗೆ, ತಪ್ಪು ಕಾಣುವ ಜಾಗವೇ ತಪ್ಪಾದ ಜಾಗವಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಹರಾಜು ಮಾರುಕಟ್ಟೆಯಲ್ಲಿ ಬೇಲ್ ಕೆಳದರ್ಜೆಗೆ ಬಿದ್ದರೆ ಅವರಿಗೆ ನೆನಪಾಗುವುದು ಸೊಪ್ಪು ಒಣಗಿಸುವ ಬ್ಯಾರನ್‌ನ ಆ ರಾತ್ರಿ: ಎಲೆ ಹಳದಿಗೆ ತಿರುಗುವ ಮುಂಚೆಯೇ ಬಿಸಿ ಏರಿ, ಸೊಪ್ಪು ಹಸಿರಾಗಿಯೇ ಒಣಗಿದ ರಾತ್ರಿ. ದರ ಬೀಳುವುದು ಮಾರುಕಟ್ಟೆಯಲ್ಲಿ, ಸೊಪ್ಪು ಕೆಡುವುದು ಬ್ಯಾರನ್‌ನಲ್ಲಿ.

*

‘ಲಾಗ್ಸ್’ ಆದೇಶಕ್ಕೆ ‘ಹೈಫನ್ ಎಫ್’ ಸೇರಿಸಿದರೆ ಹೊಸ ಸಾಲುಗಳು ಬರುತ್ತಲೇ ಇರುತ್ತವೆ. ಓಡುವ ಸಾಲನ್ನು ನೋಡಬಹುದು, ಓದಲಾಗದು.

*

ಲಾಗ್ ನೋಡುವಾಗ ಕಂಟ್ರೋಲ್-ಸಿ ಒತ್ತಿದರೆ ನಿಲ್ಲುವುದು ನಮ್ಮ ನೋಟ ಮಾತ್ರ. ‘ಕಂಪೋಸ್ ಅಪ್’ ಕೊಟ್ಟು ಕಣ್ಣೆದುರೇ ಓಡಿಸುವಾಗ ಅದನ್ನೇ ಒತ್ತಿದರೆ ಕಂಟೇನರ್‌ಗಳೇ ನಿಲ್ಲುತ್ತವೆ. ಬೆರಳಿಗೆ ಅಭ್ಯಾಸವಾದದ್ದೆಲ್ಲ ತಲೆಗೆ ಗೊತ್ತಿರಬೇಕು.

*

ಕೆ.ಆರ್. ನಗರದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ದೂರದ ಸರ್ವರ್ ನೋಡುವವರು ‘ಟೇಲ್ 100’ ಮರೆಯಬಾರದು. ಮಿತಿ ಹೇಳದಿದ್ದರೆ ಕಂಪೋಸ್ ತನ್ನ ಬಳಿಯಿರುವ ಮೊದಲ ಸಾಲಿನಿಂದಲೇ ಶುರುಹಚ್ಚುತ್ತದೆ. ಕೇಳುವುದು ಬಾರದವರಿಗೆ ಸಿಗುವ ಶಿಕ್ಷೆ, ಮುಗಿಯದ ಉತ್ತರ.

*

‘ಟೇಲ್’ ಎಂದರೆ ಎಷ್ಟು ಸಾಲು. ‘ಸಿನ್ಸ್’ ಎಂದರೆ ಯಾವಾಗಿನಿಂದ. ತೊಂದರೆ ಶುರುವಾದ ಹೊತ್ತು ಗೊತ್ತಿದ್ದವರು ಎರಡನೆಯದನ್ನು ಹಿಡಿಯುತ್ತಾರೆ.

*

ಡಾಕರ್ ಹಾಕುವ ಸಮಯದ ಮುದ್ರೆ ಯುಟಿಸಿಯದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಎಚ್.ಡಿ. ಕೋಟೆಯಲ್ಲಿ ಬೆಳಿಗ್ಗೆ 10ಕ್ಕೆ ಕಂಡ ತೊಂದರೆಯನ್ನು ಲಾಗ್‌ನಲ್ಲಿ 4.30ರ ಬಳಿ ಹುಡುಕಬೇಕು. ದಾಖಲೆಯೇ ಇಲ್ಲ ಎನ್ನುವ ಎಷ್ಟೋ ದೂರುಗಳು ಈ ಐದೂವರೆ ಗಂಟೆಯಲ್ಲಿ ಕಳೆದುಹೋದವು.

*

ಮೌನ ಕ್ಷೇಮಸಮಾಚಾರವಲ್ಲ. ಪ್ರೋಗ್ರಾಮ್ ತನ್ನ ಸ್ಟ್ಯಾಂಡರ್ಡ್ ಔಟ್‌ಪುಟ್ ಮತ್ತು ಸ್ಟ್ಯಾಂಡರ್ಡ್ ಎರರ್‌ಗೆ ಹೇಳಿದ್ದಷ್ಟೇ ಡಾಕರ್ ಕಿವಿಗೆ ಬೀಳುತ್ತದೆ. ಒಳಗಿನ ಫೈಲ್‌ಗೆ ಬರೆದುಕೊಂಡದ್ದು ಹೊರಗೆ ಬಾರದು. ಎಂಜಿನ್‌ಎಕ್ಸ್‌ನ ಅಧಿಕೃತ ಇಮೇಜ್ ತನ್ನ ಲಾಗ್ ಫೈಲ್‌ಗಳನ್ನು ಈ ಎರಡು ದಾರಿಗೇ ಜೋಡಿಸಿಟ್ಟಿರುವುದು ಅದಕ್ಕೇ. ಪೈಥಾನ್ ಮಾತನ್ನು ಬಫರ್‌ನಲ್ಲಿ ತುಂಬಿಟ್ಟುಕೊಂಡು ನಿಧಾನವಾಗಿ ಬಿಡುವುದೂ ಉಂಟು. ಸಾಲು ಕಾಣದಿದ್ದಾಗ ‘ಏನೂ ಆಗಿಲ್ಲ’ ಎನ್ನುವ ಮುಂಚೆ ‘ಹೇಳಲು ದಾರಿಯಿದೆಯೇ’ ಎಂದು ಕೇಳಬೇಕು.

*

ಕೊಲೆಯಾದವರು ಕೊನೆಯ ಮಾತು ಬರೆದಿಡುವುದಿಲ್ಲ. 137 ಎಂಬ ಎಕ್ಸಿಟ್ ಕೋಡ್ ಬಿಟ್ಟು ಕಂಟೇನರ್ ಸತ್ತಿದ್ದರೆ ಅದನ್ನು ಬಲವಂತವಾಗಿ ಮುಗಿಸಲಾಗಿದೆ. ಹಲವು ಸಲ ಮೆಮೊರಿ ಸಾಲದೆ. ಲಾಗ್ ಅರ್ಧ ವಾಕ್ಯಕ್ಕೆ ನಿಂತಿದ್ದರೆ ಕಾರಣವನ್ನು ಲಾಗ್‌ನ ಹೊರಗೆ ಹುಡುಕಿ: ‘ಡಾಕರ್ ಇನ್‌ಸ್ಪೆಕ್ಟ್’ ಹೇಳುತ್ತದೆ.

*

‘ರೀಸ್ಟಾರ್ಟ್’ ಮಾಡಿದರೆ ಹಳೆಯ ಲಾಗ್ ಉಳಿಯುತ್ತದೆ. ‘ಡೌನ್’ ಮಾಡಿದರೆ ಕಂಟೇನರ್ ಜೊತೆಗೆ ಅದೂ ಹೋಗುತ್ತದೆ. ‘ತೆಗೆದು ಹಾಕಿದೆ, ಸರಿಹೋಯಿತು’ ಎನ್ನುವವರು ಸಾಕ್ಷಿಯನ್ನೂ ಗುಡಿಸಿ ಬಂದಿರುತ್ತಾರೆ.

*

ಹಾಗೆಂದು ಎಲ್ಲವನ್ನೂ ಇಟ್ಟುಕೊಳ್ಳುವುದೂ ಜಾಣತನವಲ್ಲ. ಡಾಕರ್ ತಾನಾಗಿ ಬಳಸುವ ‘ಜೆಸನ್-ಫೈಲ್’ ಪದ್ಧತಿಯಲ್ಲಿ ಲಾಗ್‌ಗೆ ಮಿತಿಯೇ ಇಲ್ಲ. ‘ಮ್ಯಾಕ್ಸ್-ಸೈಜ್’ ನಾವೇ ಹಾಕಬೇಕು. ಮರೆತರೆ, ತೊಂದರೆ ಹುಡುಕಲು ಇಟ್ಟ ಲಾಗೇ ಡಿಸ್ಕ್ ತುಂಬಿಸಿ ತೊಂದರೆಯಾಗುತ್ತದೆ.

*

ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ ಲಾಗ್‌ಗೆ ಬೀಳಬಾರದು. ಬರೆಯುವವನು ಒಬ್ಬ, ಮುಂದೆ ಯಾರು ಓದುತ್ತಾರೋ ಅವನಿಗೆ ಗೊತ್ತಿಲ್ಲ.

*

ಕಂಪೋಸ್‌ನ ಹಳೆಯ ಹೆಸರು ‘ಫಿಗ್’. ಅದನ್ನು ಮಾಡಿದ ಸಣ್ಣ ಕಂಪನಿಯನ್ನು ಡಾಕರ್ 2014ರಲ್ಲಿ ಕೊಂಡಿತು. ಅಡ್ಡಗೆರೆಯ ಹಳೆಯ ‘ಡಾಕರ್-ಕಂಪೋಸ್’ಗೆ 2023ರಲ್ಲಿ ಬೆಂಬಲ ನಿಂತಿತು. ಫಿಗ್‌ನಲ್ಲಿದ್ದ ‘ಲಾಗ್ಸ್’ ಆದೇಶ ಇಂದಿಗೂ ಇದೆ. ಉಪಕರಣದ ಹೆಸರು ಬದಲಾಗುತ್ತದೆ, ‘ಏನಾಯಿತು?’ ಎಂಬ ಪ್ರಶ್ನೆ ಬದಲಾಗುವುದಿಲ್ಲ.

*

ಎಲ್ಲ ಸರಿಯಿರುವ ದಿನವೂ ಒಮ್ಮೆ ಲಾಗ್ ತೆರೆದು ಓದಿ. ಆರೋಗ್ಯದ ದಿನ ಯಾವ ಸಾಲು ಬರುತ್ತದೆ, ಯಾವ ಎಚ್ಚರಿಕೆ ದಿನವೂ ಬಂದು ಹೋಗುತ್ತದೆ ಎಂದು ತಿಳಿದಿದ್ದರೆ, ಕೆಟ್ಟ ದಿನ ಹೊಸ ಸಾಲು ಬೇಗ ಸಿಗುತ್ತದೆ. ಇದಕ್ಕೆ ಬೇಕಾದ ಅರ್ಧ ಗಂಟೆಯನ್ನು ಬಿಡುವಿರುವಾಗಲೇ ಕೊಡಿ. ಸರ್ವರ್ ಬಿದ್ದ ರಾತ್ರಿ ಯಾರ ಬಳಿಯೂ ಅದು ಇರುವುದಿಲ್ಲ.