ಹೆಸರು ಮತ್ತು ಹೊಣೆ

ಕೆಲಸಕ್ಕೆ ಹೆಸರಿಡುವುದು ಅಲ್ಪಕಾರ್ಯವೆಂದು ತೋರಬಹುದು. ಆದರೆ ಮಾಡುವವನ ದೃಷ್ಟಿಯು ಲಾಭದ ಕಡೆಗಿರುವುದೋ ಹೊಣೆಯ ಕಡೆಗಿರುವುದೋ ಎಂಬುದನ್ನು ಅನೇಕ ವೇಳೆ ಆ ಹೆಸರೇ ನಿರ್ಣಯಿಸುವುದು.

ಬ್ಲಾಕ್‌ಚೈನ್ ಎಂಬುದು ಗಣಕಯಂತ್ರಗಳಲ್ಲಿ ಬರೆದಿಡುವ ಲೆಕ್ಕದ ಕಡತ. ಅದು ಒಬ್ಬ ಶ್ಯಾನುಭೋಗನ ವಶದಲ್ಲಿಲ್ಲ. ಅದರ ಪ್ರತಿಗಳು ಸಾವಿರಾರು ಯಂತ್ರಗಳಲ್ಲಿರುವುವು. ವ್ಯವಹಾರಗಳ ಒಂದೊಂದು ಕಂತೆಯೂ ಒಂದು ಬ್ಲಾಕು. ಪ್ರತಿಯೊಂದೂ ಹಿಂದಿನದರ ಗುರುತನ್ನು ಒಳಗೊಂಡಿರುವುದು. ಚಳ್ಳಕೆರೆಯ ಕಂಬಳಿಯಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆಯ ಸೀರೆಯಲ್ಲಾಗಲಿ ನಡುವಣ ಹೊಕ್ಕಿನ ಎಳೆಯನ್ನು ಬದಲಿಸಬೇಕಾದರೆ ಆಮೇಲೆ ನೇಯ್ದುದನ್ನೆಲ್ಲ ಬಿಚ್ಚಬೇಕಷ್ಟೆ. ಹಾಗೆಯೇ ಹಳೆಯ ಬ್ಲಾಕೊಂದನ್ನು ತಿದ್ದಿದರೆ ಮುಂದಿನವೆಲ್ಲವನ್ನೂ ಮತ್ತೆ ಕಟ್ಟಬೇಕಾಗುವುದು.

ಹೊಸ ಬ್ಲಾಕನ್ನು ಸೇರಿಸುವ ಕಾರ್ಯಕ್ಕೆ ಹೆಸರುಗಳು ಹಲವು. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ನಿನಲ್ಲಿ ಇದು ಮೈನಿಂಗ್, ಎಂದರೆ ಗಣಿ ಅಗೆಯುವಿಕೆ. ಕಠಿನವಾದ ಲೆಕ್ಕವನ್ನು ಮೊದಲು ಬಿಡಿಸಿದವನಿಗೆ ಹೊಸ ನಾಣ್ಯಗಳು ಸಲ್ಲುವುವು. ಮೊದಲಲ್ಲಿ 50 ಇದ್ದುದು 2024ರಲ್ಲಿ 3.125ಕ್ಕೆ ಇಳಿಯಿತು. ವಿದ್ಯುತ್ತಿನ ವ್ಯಯವೋ ಅಪಾರ. ಎಥೀರಿಯಮ್ 2022ರ ಸೆಪ್ಟೆಂಬರಿನಲ್ಲಿ ಈ ಕ್ರಮವನ್ನು ಬಿಟ್ಟು, ಠೇವಣಿಯಿಟ್ಟವರಿಗೆ ಸರದಿ ಕೊಡುವ ಕ್ರಮವನ್ನು ಹಿಡಿಯಿತು. ಶೇಕಡಾ 99ಕ್ಕೂ ಹೆಚ್ಚು ವಿದ್ಯುತ್ತು ಉಳಿಯಿತು. ಅಲ್ಲಿನ ಹೆಸರು ವ್ಯಾಲಿಡೇಟರ್, ಎಂದರೆ ದೃಢೀಕರಿಸುವವನು. ಅವನು ಎರಡು ನಾಲಗೆಯ ಸಾಕ್ಷ್ಯ ನುಡಿದರೆ ಠೇವಣಿಗೆ ನಷ್ಟ. ಟೆಜೋಸ್‌ನಲ್ಲಿ ಇದೇ ಕಾರ್ಯವು ಬೇಕಿಂಗ್, ರೊಟ್ಟಿ ಸುಡುವಿಕೆ. ಕೆಲವೆಡೆ ಫೋರ್ಜಿಂಗ್, ಇಂಗ್ಲಿಷಿನಲ್ಲಿ ಈ ಮಾತಿಗೆ ಕಮ್ಮಾರಿಕೆಯೆಂಬ ಅರ್ಥವೂ ಉಂಟು, ಕಳ್ಳರುಜುವೆಂಬ ಅರ್ಥವೂ ಉಂಟು!

ಗಣಿಯೆಂಬ ಹೆಸರು ಪೂರ್ಣವಾಗಿ ಸುಳ್ಳಲ್ಲ. ಶ್ರಮವೂ ವೆಚ್ಚವೂ ನಿಜ. ಆದರೆ ಚಿನ್ನವು ಯಾರೊಪ್ಪಲಿ ಬಿಡಲಿ ನೆಲದಲ್ಲಿದ್ದೇ ಇರುವುದು. ಬ್ಲಾಕಿಗಾದರೋ ಉಳಿದವರು ಪರೀಕ್ಷಿಸಿ ಒಪ್ಪಿದಲ್ಲದೆ ಬೆಲೆಯಿಲ್ಲ. ಗಣಿಯ ಮಾತು ಸಂಭಾವನೆಯನ್ನು ಮುಂದೆ ಮಾಡಿ ಸಾಕ್ಷಿಧರ್ಮವನ್ನು ಮರೆಸುವುದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವು ಸತ್ಯವನ್ನೇ ನುಡಿಯಬೇಕೆಂದು ವಿಧಿಸುವುದು. ಅದರ ಕೊನೆಯಲ್ಲಿ ಬರೆದವನ ಹೆಸರುಂಟು: ಚಪಡ. ಚಕ್ರವರ್ತಿಯ ಮಾತನ್ನು ಬಂಡೆಗೆ ಸೇರಿಸಿದ ಅವನು ತನ್ನನ್ನು ಲಿಪಿಕರನೆಂದಷ್ಟೇ ಕರೆದುಕೊಂಡನು. ಅವನಿಗೆ ಸಂದ ಕೂಲಿಯು ಆ ಹೆಸರಿನಲ್ಲಿ ಕಾಣದು. ಬರೆದವನು ತಾನೆಂಬ ಹೊಣೆ ಮಾತ್ರ ಕಾಣುವುದು.

ಒಳ್ಳೆಯ ಹೆಸರೊಂದೇ ಯಾರನ್ನೂ ಸತ್ಯವಂತನನ್ನಾಗಿ ಮಾಡಲಾರದು. ಠೇವಣಿಯ ನಿಯಮ ಬೇಕಾದುದೂ ಅದಕ್ಕಾಗಿಯೇ. ಆದರೂ ಕನ್ನಡದಲ್ಲಿ ಈ ಕಾರ್ಯಕ್ಕೆ ಹೆಸರು ಹುಡುಕುವವರು ಗಣಿಗಾರಿಕೆಯೆಂದು ಭಾಷಾಂತರಿಸಿ ತೃಪ್ತರಾಗದಿರುವುದು ಲೇಸು. ದೊರೆಯುವುದನ್ನು ಹೇಳುವ ಹೆಸರಿಗಿಂತ ಸಲ್ಲಿಸಬೇಕಾದುದನ್ನು ಹೇಳುವ ಹೆಸರು ಮೇಲು.