ಬಿಟ್ಟುಬಿಟ್ಟ ಮರಗಳು

ಮೂರ್ನಾಡಿನ ಕಡೆ ಕಾಫಿ ತೋಟಗಳ ನಡುವೆ ಉಳಿದಿರುವ ದೇವರಕಾಡಿನ ಮುಂಜಾವನ್ನು ಚಿತ್ರಿಸಲು ಕುಳಿತವನಿಗೆ ದೊರೆಯುವ ಸಮಯ ಬಹಳ ಕಡಿಮೆ. ಮಂಜಿನಲ್ಲಿ ನೀಲಿಯಾಗಿದ್ದ ನೆರಳು ನೋಡನೋಡುತ್ತಲೇ ಹಸಿರಾಗುತ್ತದೆ. ಫ್ರಾನ್ಸಿನ ಕಲಾವಿದ ಕ್ಲಾಡ್ ಮೊನೆ 1890-91ರಲ್ಲಿ ಬಣವೆಗಳನ್ನು ಚಿತ್ರಿಸುವಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕಂಡದ್ದಕ್ಕೆ ಅಷ್ಟು ನಿಷ್ಠೆ!

ನನ್ನಲ್ಲಿ ಆ ನಿಷ್ಠೆ ಇರಲಿಲ್ಲ. ನಂದಿ, ಹಲಸು, ಅತ್ತಿ ಮರಗಳ ಮೇಲಿನ ಎಳೆಬಿಸಿಲನ್ನು ಬರೆಯುತ್ತಾ, ಅವುಗಳ ಮುಂದೆ ತೋಟದಂಚಿನಲ್ಲಿದ್ದ ಸಿಲ್ವರ್ ಓಕ್ ಸಾಲನ್ನು ಕೈಬಿಟ್ಟೆ. ಆಸ್ಟ್ರೇಲಿಯಾ ಮೂಲದ ಆ ಮರ ನಮ್ಮ ಕಾಡಿನದಲ್ಲ ಎಂದು ಸಮಾಧಾನ ಹೇಳಿಕೊಂಡೆ. ಚಿತ್ರ ನೋಡಿದ ಮನೆಯ ಮಗು, "ನಮ್ಮ ಕಾಡು ಇಷ್ಟು ದೊಡ್ಡದಾ?" ಎಂದು ಹಿಗ್ಗಿತು. ನನಗೆ ನಾಚಿಕೆಯಾಯಿತು.

ಆಯ್ಕೆ ಕಲಾವಿದನ ಹಕ್ಕು, ನಿಜ. ಕಾಡಿನ ಎಲೆಗಳನ್ನೆಲ್ಲ ಯಾರೂ ಬರೆಯಲಾರರು. ಆದರೆ ನಷ್ಟವನ್ನು ಮರೆಮಾಚುವ ಆಯ್ಕೆ ಸುಳ್ಳು ನೆಮ್ಮದಿಯನ್ನು ಹಂಚುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅನೇಕವು ಕೆಲವೇ ಎಕರೆಗಳ ತುಂಡುಗಳು. ಕಾಡು ಕ್ಷೇಮವೆಂದು ನಂಬಿದವರು ಅದನ್ನು ಕಾಯಲು ಏಕೆ ಮುಂದಾದಾರು?

ಸಿಲ್ವರ್ ಓಕ್ ಅಪರಾಧಿಯೂ ಅಲ್ಲ. ಬೇಗ ಬೆಳೆದು ಕರಿಮೆಣಸಿನ ಬಳ್ಳಿಗೆ ಆಸರೆಯಾಗುವ ಅದನ್ನು ನೆಟ್ಟವರು ನಾವೇ. ಅದರಿಂದ ಎಷ್ಟೋ ಮನೆಗಳ ಅನ್ನ ನಡೆಯುತ್ತದೆ. ಅದನ್ನು ಅಳಿಸಿದಾಗ ನಾನು ಅಳಿಸಿದ್ದು ನಮ್ಮದೇ ಪಾಲನ್ನು.

ಮರುದಿನ ನಸುಕಿನಲ್ಲಿ ಮತ್ತೆ ಅಲ್ಲಿಗೆ ಹೋದೆ. ಗಾಳಿಗೆ ಮಗುಚಿದ ಸಿಲ್ವರ್ ಓಕ್ ಎಲೆಗಳ ಬೆಳ್ಳಿಯ ಬೆನ್ನಿನ ಮೇಲೆ ಬಿಸಿಲು ಬಿದ್ದಿತ್ತು. ಆ ಸಾಲನ್ನು ಇದ್ದಲ್ಲೇ ಬರೆದೆ. ಹಿಂದಿನ ಕಾಡು ಈಗ ಚಿಕ್ಕದಾಗಿ ಕಾಣುತ್ತದೆ, ಅದು ಇರುವಷ್ಟೇ.