ದೂರವಾದರೋ, ದೂರ ಮಾಡಿದೆವೋ?



ಕಳೆದ ವರ್ಷ ನಮ್ಮ ಯುವಜನ ಸಂಘದ ವಾರ್ಷಿಕ ವರದಿಯಲ್ಲಿ ನಾನು ಒಂದು ಸಾಲು ಬರೆದಿದ್ದೆ: 'ಈ ವರ್ಷ ಒಬ್ಬ ಸದಸ್ಯ ಸಂಘದಿಂದ ದೂರವಾಗಿದ್ದಾನೆ.' ವರದಿ ಓದಿದಾಗ ಯಾರೂ ಏನೂ ಕೇಳಲಿಲ್ಲ. ಬಲಿಪೂಜೆ ಮುಗಿದ ಮೇಲೆ ಆ ಹುಡುಗನ ತಾಯಿ ಚರ್ಚಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು: "ಅಂವ ದೂರ ಆಗಿಲ್ಲ ತಮ್ಮಾ. ನೀವಽ ಅವನ್ನ ದೂರ ಮಾಡೀರಿ."

ನಡೆದದ್ದು ಇಷ್ಟು. ಹುಡುಗ ಜತ್ತ ತಾಲ್ಲೂಕಿನ ಪೂರ್ವಭಾಗದ ಹಳ್ಳಿಯವನು. ಮನೆಮಾತೂ ಕನ್ನಡ, ಕಲಿತ ಶಾಲೆಯೂ ಕನ್ನಡ. ದಸರೆ ಮುಗಿದರೆ ಮನೆಯವರೆಲ್ಲ ಕಬ್ಬು ಕಡಿಯಲು ಹೋಗುತ್ತಾರೆ. ನಮ್ಮ ಸಂಘದಲ್ಲಿ ಮರಾಠಿ ಶಾಲೆಯಲ್ಲಿ ಓದಿದವರೇ ಹೆಚ್ಚು. ಅನುಕೂಲಕ್ಕೆಂದು ಸಭೆಯನ್ನೂ ವಾಟ್ಸಾಪ್ ಸೂಚನೆಗಳನ್ನೂ ಪೂರ್ತಿ ಮರಾಠಿಗೆ ತಿರುಗಿಸಿದವನು ನಾನೇ. ಒಂದು ದಿನ ಅವನು ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ ಹಿಂದಿನಿಂದ ಯಾರೋ "ಮರಾಠ್ಯಾಗ ಕೇಳೋ" ಎಂದರು. ಎಲ್ಲರೂ ನಕ್ಕರು. ಕನ್ನಡ ಮನೆಯವನಾದ ನಾನೂ ನಕ್ಕೆ. ಮುಂದಿನ ಭಾನುವಾರದಿಂದ ಅವನು ಬರಲಿಲ್ಲ.

ಆ ತಾಯಿ ತಿದ್ದಿದ್ದು ಒಂದೇ ಕ್ರಿಯಾಪದವನ್ನು. 'ಆಗು' ತೆಗೆದು 'ಮಾಡು' ಇಟ್ಟರು. ಹಾಲು ಒಡೆಯಿತು, ಎಲೆ ಉದುರಿತು ಎಂಬಂತೆ 'ದೂರವಾದ' ಎಂದರೆ ಮಾಡಿದವರು ಯಾರೂ ಇಲ್ಲ. 'ದೂರ ಮಾಡಿದರು' ಎಂದ ಕೂಡಲೇ ಯಾರು ಎಂಬ ಪ್ರಶ್ನೆ ಏಳುತ್ತದೆ. ಮನಸ್ತಾಪ ಆಯಿತು, ಮಾತು ನಿಂತಿತು, ಸಂಬಂಧ ಹರಿಯಿತು ಎಂದು ನಾವು ಹೇಳುವಾಗಲೂ ಮಾಡಿದವರು ಕಾಣುವುದಿಲ್ಲ. ಕ್ಷಮೆ ಕೇಳುವಾಗಲೂ 'ತಪ್ಪಾಯಿತು' ಎನ್ನುತ್ತೇವೆ, ತಪ್ಪು ತಾನಾಗಿ ಬಂದು ಹೋದ ಹಾಗೆ!

ಬಿಎಸ್ಸಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ 'ದ್ರಾವಣವನ್ನು ಕಾಯಿಸಲಾಯಿತು' ಎಂಬ ಧಾಟಿಯಲ್ಲೇ ಬರೆಯಬೇಕಿತ್ತು. ಅಲ್ಲಿ ಅದು ಸರಿ. ಯಾರು ಕಾಯಿಸಿದರೂ ಫಲಿತಾಂಶ ಒಂದೇ ಬರಬೇಕು. ಮನುಷ್ಯರ ನಡುವಿನ ಲೆಕ್ಕ ಹಾಗಲ್ಲ. ಯಾರು ಮಾಡಿದರು ಎಂದು ಒಪ್ಪಿಕೊಳ್ಳದೆ ಸರಿಪಡಿಸುವ ದಾರಿಯೇ ತೆರೆಯುವುದಿಲ್ಲ.

ದೂರ ಮಾಡಿಸಿಕೊಂಡವರ ನೋವು ನಮ್ಮ ತಾಲ್ಲೂಕಿಗೆ ಹೊಸದಲ್ಲ. 2022ರಲ್ಲಿ ಗಡಿಯ ಕೆಲವು ಹಳ್ಳಿಗಳವರು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದಾಗ ಎರಡೂ ರಾಜ್ಯಗಳ ಸುದ್ದಿಯಲ್ಲಿ ಜತ್ತದ ಹೆಸರಿತ್ತು. ಮ್ಹೈಸಾಳ ಏತ ನೀರಾವರಿಯ ನೀರು ಬೇರೆ ಕಡೆ ಹರಿದರೂ ತಮ್ಮ ಹೊಲಕ್ಕೆ ಬರಲಿಲ್ಲ ಎಂಬುದು ಅವರ ಸಂಕಟ. ನಾವು ದೂರ ಸರಿದಿಲ್ಲ, ನಮ್ಮನ್ನು ದೂರ ಇಟ್ಟಿದ್ದಾರೆ ಎಂಬ ಮಾತನ್ನು ಆಗ ನಾವೂ ಆಡಿದ್ದೇವೆ. ಅದೇ ನಾವು ಚರ್ಚಿನ ಅಂಗಳದಲ್ಲಿ ಇನ್ನೊಬ್ಬನನ್ನು ದೂರ ಇಟ್ಟಾಗ ವರದಿಯಲ್ಲಿ 'ಆಗಿದ್ದಾನೆ' ಎಂದು ಬರೆದೆವು.

ಮರಾಠಿಯಲ್ಲಿ 'ವಾಳೀತ ಟಾಕಣೆ' ಎಂಬ ಮಾತಿದೆ. ನಮ್ಮಲ್ಲಿ ಅದನ್ನೇ ಬಹಿಷ್ಕಾರ ಹಾಕುವುದು ಎನ್ನುತ್ತಾರೆ. ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರದ ಕಾನೂನು 2017ರ ಜುಲೈನಿಂದ ಜಾರಿಯಲ್ಲಿದೆ. ತಪ್ಪಿತಸ್ಥರಿಗೆ 3 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಕಾನೂನು ಕೇಳುವ ಮೊದಲ ಪ್ರಶ್ನೆ, ಮಾಡಿದವರು ಯಾರು? ಆದರೆ ಒಂದು ನಗು, ಕಳಿಸದ ಒಂದು ಸೂಚನೆ, ಬೆಂಚಿನಲ್ಲಿ ಸರಿದು ಕೊಡದ ಜಾಗ ಇವನ್ನು ಯಾವ ಕಾನೂನೂ ಹಿಡಿಯಲಾರದು. ಅವನ್ನು ಹಿಡಿಯಬೇಕಾದದ್ದು ನಮ್ಮ ಅಂತಃಕರಣ.

ಹಾಗಾದರೆ ಯಾರನ್ನೂ ಎಂದೂ ದೂರ ಇಡಬಾರದೇ? ಕುಡಿದು ಹೊಡೆಯುವವನಿಂದ ಮಕ್ಕಳನ್ನು ದೂರ ಇಡುವ ತಾಯಿ ತಪ್ಪು ಮಾಡುತ್ತಿಲ್ಲ. ಅದು ಕಾಪಾಡುವ ಕೆಲಸ. ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಪ್ಪು ಮಾಡಿದ ಸೋದರನ ಬಗ್ಗೆ ಹೇಳುವ ಕ್ರಮವನ್ನು ನೋಡಿ. ಮೊದಲು ಒಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ಅಷ್ಟಾದರೂ ಕೇಳದಿದ್ದರೆ ಮಾತ್ರ ಹೊರಗಿನವನೆಂದು, ಸುಂಕದವನೆಂದು ಎಣಿಸು. ಆದರೆ ಮತ್ತಾಯರೇ ಸುಂಕದವರಾಗಿದ್ದರಲ್ಲ! ಸುಂಕದವರನ್ನು ಯೇಸು ಊಟಕ್ಕೆ ಕೂಡಿಸಿಕೊಂಡರು. ಧರ್ಮಸಭೆಯೂ ಬಹಿಷ್ಕಾರವನ್ನು ಔಷಧದ ರೂಪದ ಶಿಕ್ಷೆ ಎಂದೇ ಕರೆಯುತ್ತದೆ. ಅದರ ಗುರಿ ಮರಳಿ ಕರೆತರುವುದು. ಹಾಗಾಗಿ ನನಗೆ ತೋಚುವ ಪರೀಕ್ಷೆ ಒಂದೇ: ಬಾಗಿಲು ಮುಚ್ಚುವ ಮೊದಲು ಅವರ ಬಳಿ ಹೋಗಿದ್ದೆವೋ? ಮುಚ್ಚಿದ ಮೇಲೆ ಅಗಳಿ ಹಾಕದೆ ಬಿಟ್ಟೆವೋ? ನಮ್ಮ ಹುಡುಗನ ವಿಷಯದಲ್ಲಿ ಎರಡಕ್ಕೂ ಉತ್ತರ 'ಇಲ್ಲ'. ಅವನು ತಪ್ಪನ್ನೇ ಮಾಡಿರಲಿಲ್ಲ ಎಂಬುದು ಬೇರೆ ಮಾತು.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ದೃಷ್ಟಿ ಪಡೆದ ಹುಟ್ಟುಕುರುಡನ ಕಥೆ ಇದೆ. ಹೆದರಿದ ತಂದೆತಾಯಿ, ಅವನನ್ನೇ ಕೇಳಿರಿ ಎಂದು ಜಾರಿಕೊಂಡರು. ಕೊನೆಗೆ ಅವನು ತಾನಾಗಿ ಹೊರಟುಹೋದನೆಂದು ಯೊವಾನ್ನರು ಬರೆಯಲಿಲ್ಲ, ಅವನನ್ನು ಹೊರಗೆ ಹಾಕಿದರು ಎಂದೇ ಬರೆದರು. ಅದನ್ನು ಕೇಳಿದ ಯೇಸು ಸುಮ್ಮನಿರಲಿಲ್ಲ. ಅವನನ್ನು ಕಂಡು ಮಾತನಾಡಿಸಿದರು.

ಕಬ್ಬಿನ ಹಂಗಾಮು ಮುಗಿಯುತ್ತಾ ಬಂದಿದೆ. ಹೋದವರು ಊರಿಗೆ ಮರಳುತ್ತಿದ್ದಾರೆ. ಈ ತಪಸ್ಸುಕಾಲ ಮುಗಿಯುವುದರೊಳಗೆ ನಾನು ಅವನ ಮನೆಗೆ ಹೋಗಬೇಕೆಂದಿದ್ದೇನೆ. 'ತಪ್ಪಾಯಿತು' ಎನ್ನದೆ, 'ನಾನು ತಪ್ಪು ಮಾಡಿದೆ' ಎನ್ನಬೇಕು, ಕನ್ನಡದಲ್ಲೇ. ಅವನು ಬರುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು. ಸಂಘದ ವರದಿಯ ಆ ಸಾಲನ್ನು ಮಾತ್ರ ತಿದ್ದಿದ್ದೇನೆ: 'ಒಬ್ಬ ಸದಸ್ಯನನ್ನು ನಾವು ದೂರ ಮಾಡಿದೆವು.'

ನಿಮ್ಮ ಮನೆಯಲ್ಲಿ, ಓಣಿಯಲ್ಲಿ 'ದೂರವಾದವರು' ಯಾರಿದ್ದಾರೆ? ಪಾಸ್ಖ ಹಬ್ಬಕ್ಕೆ ಮುಂಚೆ ಒಬ್ಬರ ಹೆಸರು ನೆನೆದುಕೊಂಡು, ಆ ವಾಕ್ಯವನ್ನು 'ನಾನು' ಎಂದು ಶುರುಮಾಡಿ ಒಮ್ಮೆ ಹೇಳಿ ನೋಡಿ.